ಕಬಡ್ಡಿ ಬ್ಯಾನರ್‌ಗೆ ಓಡುವ ಅಕ್ಷರ ಬರೆಯುವುದು ಹೇಗೆ?

ಊರಲ್ಲಿ ಹೊನಲು ಬೆಳಕಿನ ಕಬಡ್ಡಿ ಇದೆ ಎಂದರೆ ಮೊದಲು ಎದ್ದು ನಿಲ್ಲುವುದು ಬ್ಯಾನರ್. ತಲೆಬರಹ ದಪ್ಪಗೆ, ಮೂಲೆ ಮೂಲೆಯಾಗಿ, ಬಲಕ್ಕೆ ವಾಲಿಕೊಂಡಿದ್ದರೆ ಆಟದ ಕಳೆ ಬರುತ್ತದೆ. ಇಂಗ್ಲಿಷಿನಲ್ಲಿ ಇಂಥ ಫಾಂಟುಗಳು ಬೇಕಾದಷ್ಟಿವೆ, ಕನ್ನಡದಲ್ಲಿ ಕಡಿಮೆ. ಹಾಗಂತ ದುಂಡು ಫಾಂಟ್ ಹಾಕಿ ಸುಮ್ನೆ ಇಟ್ಯಾಲಿಕ್ ಬಟನ್ ಒತ್ತಿದರೆ ಸಾಲದು. ನೆಟ್ಟಗೆ ಬರೆದು, ಓರೆ ಮಾಡಿ, ಆಮೇಲೆ ಕೈಯಾರೆ ತಿದ್ದಬೇಕು. ‘ಕಬಡ್ಡಿ’ ಪದವನ್ನೇ ತೆಗೆದುಕೊಳ್ಳೋಣ.

ಗ್ರಾಫ್ ಹಾಳೆಯಲ್ಲಿ ಅಕ್ಷರದ ಎತ್ತರ 10 ಚೌಕ ಇರಲಿ. ಮೇಲೆ ಗುಡಿಸಿಗೆ (ಇಕಾರದ ಗುರುತು), ಕೆಳಗೆ ಒತ್ತಿಗೆ ಜಾಗ ಬಿಡಿ. ಗೆರೆಯ ದಪ್ಪ 2 ಚೌಕ. ‘ಕ’ ನೋಡಿ: ತಲೆಕಟ್ಟು, ನಡುಗೆರೆ, ಅಡಿಯ ಸುತ್ತು, ಹೀಗೆ ಮೂರು ಅಡ್ಡಗೆರೆ. ಅವಕ್ಕೇ 6 ಚೌಕ ಹೋಯಿತು. ಉಳಿಯುವುದು 2 ಚೌಕದ ಎರಡು ಸಂದು ಮಾತ್ರ. ಇನ್ನೂ ದಪ್ಪ ಮಾಡಿದರೆ ದೂರದಿಂದ ಅಕ್ಷರ ಬರೀ ಕಪ್ಪು ಮುದ್ದೆ.

ಈಗ ದುಂಡಗಿರುವ ಕಡೆಯಲ್ಲೆಲ್ಲ ಮೂಲೆಯನ್ನು 45 ಡಿಗ್ರಿಗೆ ಕತ್ತರಿಸಿದಂತೆ ಬರೆಯಿರಿ. ಅಡಿಗೆರೆಯಲ್ಲಿ ಮಾತ್ರ ಹುಷಾರು. ಅಂದಕ್ಕೆಂದು ಅಲ್ಲೊಂದು ಕಚ್ಚು ಹಾಕಿದರೆ ‘ಡ’ ಹೋಗಿ ‘ಢ’ ಆಗುತ್ತದೆ, ‘ಬ’ ಹೋಗಿ ‘ಭ’ ಆಗುತ್ತದೆ. ಕನ್ನಡದಲ್ಲಿ ಆ ಸೀಳಿಗೆ ಅರ್ಥವಿದೆ, ಅದು ಅಲಂಕಾರವಲ್ಲ.

ಓರೆ ಮಾಡಲು ಕೋನಮಾಪಕ ಬೇಡ. 5 ಚೌಕ ಮೇಲೆ ಹೋದರೆ 1 ಚೌಕ ಬಲಕ್ಕೆ ಸರಿಸಿ. ಸುಮಾರು 11 ಡಿಗ್ರಿ ಆಗುತ್ತದೆ, ಅಷ್ಟು ಸಾಕು. ಗುಡಿಸು ಬಲಕ್ಕೆ ಹೋಗುತ್ತದೆ, ‘ಡ್ಡಿ’ಯ ಒತ್ತು ಎಡಕ್ಕೆ ಸರಿದು ಅಕ್ಷರದ ಅಡಿಗೆ ನುಗ್ಗುತ್ತದೆ. ಒತ್ತನ್ನು ಬಲಕ್ಕೆ ಎಳೆದು ಕೂರಿಸಿ. ಅದರ ಗೆರೆ ಒಂದೂವರೆ ಚೌಕ ಇದ್ದರೆ ಚೆಂದ.

ತಿದ್ದುವ ಕೆಲಸವೇ ಇಲ್ಲಿ ಮುಖ್ಯ. ಓರೆ ಮಾಡಿದಾಗ ಮೇಲಿನ ಎಡಮೂಲೆ, ಕೆಳಗಿನ ಬಲಮೂಲೆಯ ಗೆರೆಗಳು ಸುಮಾರು ಶೇ 10ರಷ್ಟು ತೆಳ್ಳಗಾಗುತ್ತವೆ. ಉಳಿದೆರಡು ಮೂಲೆಗಳು ಅಷ್ಟೇ ದಪ್ಪಗಾಗುತ್ತವೆ. ಅಕ್ಷರ ಎಲ್ಲೋ ಸೊಟ್ಟಗಿದೆ ಅನ್ನಿಸುವುದು ಇದಕ್ಕೇ. ನಾಲ್ಕೂ ಮೂಲೆ ಅಳೆದು ಸಮ ಮಾಡಿ.

ಹಾಳೆಯ ಫೋಟೊ ತೆಗೆದು, ಚಿತ್ರ ಬಿಡಿಸುವ ಸಾಫ್ಟ್‌ವೇರ್ ಆದ ಇಂಕ್‌ಸ್ಕೇಪ್‌ಗೆ ಹಾಕಿ, ಅದರ ಮೇಲೆ ಪೆನ್ ಟೂಲ್‌ನಿಂದ ಗೆರೆ ಎಳೆಯಿರಿ. ಈ ಸಾಫ್ಟ್‌ವೇರ್ ಉಚಿತ. ದಿನಾಂಕ, ಜಾಗದಂಥ ಸಣ್ಣ ಸಾಲುಗಳಿಗೆ ಗೂಗಲ್ ಫಾಂಟ್ಸ್‌ನಲ್ಲಿ ಸಿಗುವ ‘ಅನೇಕ್ ಕನ್ನಡ’ ಫಾಂಟ್ ಸಾಕು. ಅದನ್ನು ನೆಟ್ಟಗೇ ಬಿಡಿ, ಎಲ್ಲವೂ ವಾಲಿದರೆ ಓದುವವರಿಗೆ ಕಷ್ಟ. ಪ್ರಿಂಟಿಂಗ್‌ಗೆ ಕೊಡುವ ಮುಂಚೆ ಆ ಸಾಲುಗಳನ್ನು ‘ಆಬ್ಜೆಕ್ಟ್ ಟು ಪಾತ್’ ಮಾಡಿ, ಅಂದರೆ ಅಕ್ಷರಗಳನ್ನು ಫಾಂಟ್ ಬೇಡದ ಚಿತ್ರರೂಪಕ್ಕೆ ಬದಲಿಸಿ. ಇಲ್ಲದಿದ್ದರೆ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇರದೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ ಆಗಬಹುದು. ಅಕ್ಷರದ ಸುತ್ತ ಬಿಳಿ ಅಂಚು ಬೇಕಿದ್ದರೆ ಅದು ಅಕ್ಷರದ ಬಣ್ಣದ ಹಿಂದೆ ಬರಲಿ. ಮುಂದೆ ಬಂದರೆ ಅಂಚಿನ ಅರ್ಧ ಒಳಗೆ ಸೇರಿ ಗೆರೆಯನ್ನೇ ತೆಳ್ಳಗೆ ಮಾಡುತ್ತದೆ.