ಸಿರಾ ಬಳಿ ಕಾಲು ಸೋತ ಮೇಲೆ

ನೆಲಮಂಗಲದಿಂದ ಹಿರಿಯೂರಿನಾಚೆ ಹೋಗಿ ಬರುವ 300 ಕಿ.ಮೀ. ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. ಗಡುವು 20 ಗಂಟೆ. ವಾಪಸು ಬರುವಾಗ ಸಿರಾ ಹತ್ತಿರ, 200 ಕಿ.ಮೀ. ದಾಟಿದ ಮೇಲೆ, ನನ್ನ ಕಾಲು ಸೋತವು. ಕೈ ನಡುಕ, ಕಣ್ಣು ಮಂಜು, ಮೇಲೆ ಎದುರುಗಾಳಿ. ಹೆದ್ದಾರಿ ಬದಿಯ ಚಹಾ ಅಂಗಡಿಯ ಬೆಂಚಿನ ಮೇಲೆ ಮಲಗಿಬಿಟ್ಟೆ. ಬಾಟಲಿಯಲ್ಲಿದ್ದದ್ದು ದುಬಾರಿ ಬಿಸಿಎಎ ಪುಡಿ, ಅಂದರೆ ಪ್ರೋಟೀನಿನ ಅಂಶಗಳಾದ ಅಮೈನೋ ಆಮ್ಲಗಳು, ಸಕ್ಕರೆ ಅಲ್ಲ. ನನ್ನನ್ನು ಎಬ್ಬಿಸಿದ್ದು ಎರಡು ಲೋಟ ಸಕ್ಕರೆ ಚಹಾ, ಎರಡು ಬನ್ನು. ಅರ್ಧ ಗಂಟೆಯಲ್ಲಿ ಮತ್ತೆ ಸೈಕಲ್ ಹತ್ತಿದ್ದೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಸ್ನಾಯು, ಯಕೃತ್ತು ಸೇರಿ ಮೈ ಕೂಡಿಡುವ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಸುಮಾರು 500 ಗ್ರಾಂ, ಅಂದರೆ 2000 ಕ್ಯಾಲೊರಿ. ಅಷ್ಟು ದೂರಕ್ಕೆ ಅದರ ಎರಡು-ಮೂರು ಪಟ್ಟು ಬೇಕು. ಕೊಬ್ಬು ಕರಗುತ್ತದೆ ನಿಜ, ಆದರೆ ನಿಧಾನಕ್ಕೆ. ಏರು, ಎದುರುಗಾಳಿ ಬಂದರೆ ಕಾಲು ಸಕ್ಕರೆಯನ್ನೇ ಕೇಳುತ್ತವೆ. ಆ ಕೊರತೆಯನ್ನು ನನ್ನ ಪುಡಿ ತುಂಬುವಂಥದ್ದಾಗಿರಲಿಲ್ಲ.

ಈಗ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಲೇಬೇಕು ಅನ್ನುವುದು ನನ್ನ ನಿಯಮ. 750 ಮಿ.ಲೀ. ನೀರಿಗೆ 40 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಅರ್ಧ ನಿಂಬೆಹಣ್ಣು. ಜೊತೆಗೆ ಒಂದು ಬಾಳೆಹಣ್ಣು ಅಥವಾ ಬೆಲ್ಲದ ಚಿಕ್ಕಿ. ಸಕ್ಕರೆಯಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಅರ್ಧರ್ಧ ಇರುತ್ತವೆ. ಕರುಳಿನಲ್ಲಿ ಎರಡಕ್ಕೂ ಬೇರೆ ಬೇರೆ ದಾರಿ, ಹಾಗಾಗಿ ಬರೀ ಗ್ಲೂಕೋಸ್‌ಗಿಂತ ಹೆಚ್ಚು ಒಳಗೆ ಹೋಗುತ್ತದೆ. ಗಡಿಯಾರದಲ್ಲಿ 20 ನಿಮಿಷಕ್ಕೊಮ್ಮೆ ಅಲಾರಂ. ಹಸಿವಾದ ಮೇಲೆ ತಿನ್ನೋಣ ಅಂದುಕೊಂಡರೆ ಆಗಲೇ ತಡವಾಗಿರುತ್ತದೆ.

ಪುಡಿ ಬಿಟ್ಟರೂ ಕೆಫೀನ್ ಒಂದನ್ನು ಬಿಟ್ಟಿಲ್ಲ. ಅದು ನಿಜಕ್ಕೂ ಕೆಲಸ ಮಾಡುತ್ತದೆ. ನನ್ನ ತೂಕ 64 ಕಿಲೋ, ಕಿಲೋಗೆ 3 ಮಿ.ಗ್ರಾಂ. ಲೆಕ್ಕದಲ್ಲಿ 200 ಮಿ.ಗ್ರಾಂ. ಹತ್ತಿರ. ಅದನ್ನು ಕತ್ತಲಾದ ಮೇಲಿನ ದಾರಿಗೆ ಉಳಿಸಿಕೊಳ್ಳುತ್ತೇನೆ. ದಮ್ಮು ಹೆಚ್ಚುತ್ತದೆ ಅನ್ನುವ ಬೀಟ್‌ರೂಟ್ ರಸವನ್ನೂ ಎರಡು ತಿಂಗಳು ಕುಡಿದೆ, ನನಗೆ ವ್ಯತ್ಯಾಸ ಕಾಣಲಿಲ್ಲ, ಬಿಟ್ಟೆ.

ಇನ್ನೊಂದು ಮಾತು. ಏರಿನಲ್ಲಿ ಉಸಿರು ಕಟ್ಟುತ್ತಿತ್ತು, ವಯಸ್ಸಾಯಿತು ಅಂದುಕೊಂಡಿದ್ದೆ. ರಕ್ತ ಪರೀಕ್ಷೆ ಮಾಡಿಸಿದರೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ವಿಟಮಿನ್ ಬಿ12 ಎರಡೂ ಕಡಿಮೆ. ಸಸ್ಯಾಹಾರಿಯಾದ ನಾನು ಇದನ್ನು ಮೊದಲೇ ನೋಡಿಸಬೇಕಿತ್ತು. ವೈದ್ಯರು ಬರೆದುಕೊಟ್ಟ ಮಾತ್ರೆ ಮೂರು ತಿಂಗಳು ನುಂಗಿದ ಮೇಲೆ ಉಸಿರು ಹಗುರಾಯಿತು. ಪರೀಕ್ಷೆ ಮಾಡಿಸದೆ ಕಬ್ಬಿಣದ ಮಾತ್ರೆ ತಗೋಬೇಡಿ, ಮೈಯಲ್ಲಿ ಹೆಚ್ಚಾದರೂ ಅಪಾಯ.

ಮುಂದಿನದು 600 ಕಿ.ಮೀ. ಬ್ರೆವೆ. ಅದಕ್ಕಾಗಿ ಭಾನುವಾರದ ಸವಾರಿಗಳಲ್ಲಿ ಗಂಟೆಗೆ 75 ಗ್ರಾಂ ಕಾರ್ಬೋಹೈಡ್ರೇಟ್‌ಗೆ ಹೊಟ್ಟೆಯನ್ನು ಒಗ್ಗಿಸುತ್ತಿದ್ದೇನೆ. ಮೊದಲ ಎರಡು ವಾರ ಹೊಟ್ಟೆ ಉಬ್ಬರಿಸಿತು, ಈಗ ತಡೆದುಕೊಳ್ಳುತ್ತಿದೆ.