ಆಡಿನ ಕೂದಲಿನ ಜಿಗ್: ಕಟ್ಟೋದು ಹೇಗೆ, ಎಳೆಯೋದು ಹೇಗೆ?

ಘಟಪ್ರಭೆಯ ದಂಡೆಯಲ್ಲಿ ಗಾಳ ಹಾಕುವವರ ಚೀಲದಲ್ಲಿ ಈಗ ಎರೆಹುಳದ ಡಬ್ಬಿ ಮಾತ್ರ ಇರಲ್ಲ, ರಬ್ಬರ್ ಕಪ್ಪೆ, ಪ್ಲಾಸ್ಟಿಕ್ ಮೀನುಗಳೂ ಇರುತ್ತವೆ. ಅಷ್ಟಾಗಿ ಕಾಣದಿರುವುದು ಹೇರ್ ಜಿಗ್. ಸೀಸದ ತಲೆ ಇರುವ ಕೊಕ್ಕೆಗೆ ಒಂದಿಷ್ಟು ಕೂದಲು ಕಟ್ಟಿದರೆ ಅದೇ ಹೇರ್ ಜಿಗ್. ಅಮೆರಿಕದಲ್ಲಿ ಬಾಸ್ ಮೀನು ಹಿಡಿಯುವವರಿಗೆ ಇದು ಹಳೇ ಗೆಳೆಯ. ನಮ್ಮ ಕೃಷ್ಣೆ, ಮಲಪ್ರಭೆಯಲ್ಲಿ ಬಾಸ್ ಇಲ್ಲ. ಆದರೆ ಸಣ್ಣ ಮೀನು ಹಿಡಿದು ತಿನ್ನುವ ಕೊರವ, ಬಾಳೆಮೀನು ಇವೆ. ಅವುಗಳಿಗೂ ಇದೇ ಉಪಾಯ ನಡೆಯುತ್ತದೆ.

ರಬ್ಬರ್ ಇರುವಾಗ ಕೂದಲೇಕೆ? ನೀರು ತಣ್ಣಗಾದರೆ ಮೆತ್ತನೆಯ ರಬ್ಬರ್ ಬಿರುಸಾಗುತ್ತದೆ. ಮೀನೂ ಮಂಕಾಗಿ ತಳ ಹಿಡಿಯುತ್ತದೆ, ಓಡುವ ಬೇಟೆಯ ಹಿಂದೆ ಬೀಳುವುದಿಲ್ಲ. ಕೂದಲು ಹಾಗಲ್ಲ, ನಾವು ಸುಮ್ನೆ ಕೂತಿದ್ದರೂ ನೀರಿನ ಸಣ್ಣ ಸೆಳೆತಕ್ಕೇ ಮಿಸುಕಾಡುತ್ತದೆ. ಅದಕ್ಕೇ ಅಮೆರಿಕದ ಟೆನೆಸ್ಸಿ ಕಡೆಯ ಆಳದ ಜಲಾಶಯಗಳಲ್ಲಿ ಚಳಿಗಾಲ ಬಂತೆಂದರೆ ಸಣ್ಣ ಜಿಗ್ಗನ್ನು ಬೆಂಡಿನ ಕೆಳಗೆ ಹತ್ತು ಅಡಿ ಆಳಕ್ಕೆ ಇಳಿಬಿಟ್ಟು ಕಾಯುತ್ತಾರೆ. ನಮ್ಮಲ್ಲಿ ಅಷ್ಟು ಥಂಡಿ ಇಲ್ಲ, ನಿಜ. ಆದರೂ ಡಿಸೆಂಬರ್, ಜನವರಿಯ ಬೆಳಗಿನ ಜಾವ ಹಿಡಕಲ್ ಅಥವಾ ಆಲಮಟ್ಟಿ ಹಿನ್ನೀರಿಗೆ ಕೈ ಅದ್ದಿ ನೋಡಿ, ಗೊತ್ತಾಗುತ್ತೆ.

ಬೇಕಾದ ಸಾಮಾನು

ಅಮೆರಿಕದವರು ಕಟ್ಟುವುದು ಜಿಂಕೆಯ ಬಾಲದ ಕೂದಲು. ಇಲ್ಲಿ ಅದರ ಹತ್ತಿರವೂ ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ, ಕಡವೆ, ಕರಡಿಯ ಕೂದಲು, ಚರ್ಮ ಇಟ್ಟುಕೊಳ್ಳುವುದೇ ಅಪರಾಧ. ನಮಗೆ ಆಡು ಇದೆಯಲ್ಲ! ಬಾಲದ್ದು ಅಥವಾ ಬೆನ್ನಿನದು, ಎರಡು ಇಂಚಿಗಿಂತ ಉದ್ದದ ನೆಟ್ಟಗಿನ ಕೂದಲು ಬೇಕು. ಆಡು ಸಾಕಿದವರನ್ನು ಕೇಳಿದರೆ ಒಂದು ಹಿಡಿ ಕತ್ತರಿಸಿ ಕೊಡುತ್ತಾರೆ. ಕುರಿ ಉಣ್ಣೆ ಬೇಡ, ಅದು ನೀರು ಕುಡಿದು ಮುದ್ದೆಯಾಗುತ್ತದೆ. ನಮ್ಮ ತಲೆಗೂದಲು ಆಗಲ್ವಾ ಅಂತ ಕೇಳುವವರೂ ಇದ್ದಾರೆ. ಆಗಲ್ಲ, ನೀರಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಎಳೆಯಾಗುತ್ತದೆ.

ಸೀಸದ ತಲೆಯ ಕೊಕ್ಕೆ 3ರಿಂದ 5 ಗ್ರಾಂನದು ಸಾಕು. ಸಿದ್ಧ ಇರುವುದನ್ನೇ ಕೊಳ್ಳಿ. ಮನೆಯ ಒಲೆಯ ಮೇಲೆ ಸೀಸ ಕರಗಿಸುವ ಸಾಹಸ ಬೇಡ. ಅದರ ಹೊಗೆ, ಧೂಳು ವಿಷ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಇನ್ನು ಗಟ್ಟಿ ನೈಲಾನ್ ಹೊಲಿಗೆ ದಾರ, ಚಿಕ್ಕ ಕತ್ತರಿ, ಹಳೇ ಟೂತ್‌ಬ್ರಶ್, ನೈಲ್ ಪಾಲಿಶ್. ಕೊಕ್ಕೆ ಹಿಡಿಯಲು ಇಕ್ಕಳ ಸಾಕು, ಹಿಡಿಗೆ ಬಿಗಿಯಾಗಿ ರಬ್ಬರ್ ಬ್ಯಾಂಡ್ ಸುತ್ತಿದರೆ ಅದೇ ಕಚ್ಚಿ ಹಿಡಿದಿರುತ್ತದೆ.

ಕಟ್ಟುವ ಬಗೆ

ಕೂದಲನ್ನು ಶಾಂಪೂ ಹಾಕಿ ತೊಳೆದು ಪೂರ್ತಿ ಒಣಗಿಸಿ. ಜಿಡ್ಡು ಉಳಿದರೆ ದಾರ ಜಾರುತ್ತದೆ. ಬೆರಳಲ್ಲಿ ಬಿಗಿ ಹಿಡಿದಾಗ ಬೆಂಕಿಕಡ್ಡಿಯಷ್ಟು ದಪ್ಪ ಬರುವಷ್ಟೇ ತೆಗೆದುಕೊಳ್ಳಿ. ಇದು ತೀರಾ ಕಡಿಮೆ ಅನಿಸುತ್ತದೆ. ಅನಿಸಲಿ. ಜಾಸ್ತಿ ಕಟ್ಟಿದರೆ ಜಿಗ್ ಕುಂಚದ ಹಾಗೆ ಬಿಗಿದು ನಿಲ್ಲುತ್ತದೆ, ಮಿಸುಕುವುದಿಲ್ಲ.

ಈಗ ತುದಿ ಕಡೆ ಹಿಡಿದು, ಬುಡದ ಕಡೆ ಟೂತ್‌ಬ್ರಶ್‌ನಿಂದ ಬಾಚಿ. ಒಳಗಿನ ಮೆತ್ತನೆ ತುಪ್ಪಳ ಉದುರಿ ಹೋಗಬೇಕು. ಹೆಚ್ಚಿನವರು ಬಿಡುವ ಕೆಲಸ ಇದು, ಆದರೆ ಜಿಗ್ಗಿನ ಜೀವ ಇರುವುದು ಇಲ್ಲೇ. ಆಮೇಲೆ ಕೂದಲನ್ನು ತುದಿ ಕೆಳಗಾಗಿ ಪೆನ್ನಿನ ಕ್ಯಾಪಿಗೆ ಹಾಕಿ ಮೇಜಿನ ಮೇಲೆ ನಾಲ್ಕು ಸಲ ಕುಟ್ಟಿ, ತುದಿಗಳು ಒಂದೇ ಸಮ ಆಗುತ್ತವೆ. ತುದಿಯನ್ನು ಎಂದೂ ಕತ್ತರಿಸಬಾರದು. ಹುಟ್ಟಿನಿಂದ ಬಂದ ಸಣ್ಣ ತುದಿಯೇ ನೀರಲ್ಲಿ ಆಡುವುದು.

ಸೀಸದ ತಲೆಯ ಹಿಂದಿನ ಕುತ್ತಿಗೆಗೆ ಮೊದಲು ಬರೀ ದಾರ ಹತ್ತು ಸುತ್ತು ಸುತ್ತಿ. ಅರ್ಧ ಕೂದಲನ್ನು ಮೇಲೆ ಇಟ್ಟು, ತುದಿ ಕೊಕ್ಕೆಯ ಬಾಗಿನಿಂದ ಒಂದು ಸೆಂಟಿಮೀಟರ್ ಆಚೆ ಬರುವಂತೆ ಅಳತೆ ನೋಡಿಕೊಳ್ಳಿ. ಎರಡು ಸುತ್ತು ಸಡಿಲವಾಗಿ ಹಾಕಿ, ಮೂರನೆಯದನ್ನು ಜಗ್ಗಿ ಬಿಗಿ ಮಾಡಿ. ಮೊದಲ ಸುತ್ತಿಗೇ ಜಗ್ಗಿದರೆ ಕೂದಲು ಕೊಕ್ಕೆಯ ಸುತ್ತ ತಿರುಗಿಬಿಡುತ್ತದೆ. ಉಳಿದರ್ಧ ಕೆಳಗೆ, ಅದೇ ರೀತಿ. ಮುಂದೆ ಚಾಚಿದ ಬುಡವನ್ನು ಓರೆಯಾಗಿ ಕತ್ತರಿಸಿ, ಅದು ಮುಚ್ಚುವಷ್ಟು ದಾರ ಸುತ್ತಿ, ನಾಲ್ಕೈದು ಗಂಟು ಹಾಕಿ, ನೈಲ್ ಪಾಲಿಶ್ ಬಳಿಯಿರಿ. ರಾತ್ರಿಯಿಡೀ ಒಣಗಲಿ.

ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕಲಕು ನೀರಿಗೆ ಕಪ್ಪು, ತಿಳಿ ನೀರಿಗೆ ಕಂದು ಅಥವಾ ಬಿಳಿ.

ಹೊಳೆಗೆ ಹೋಗುವ ಮೊದಲು ಬಕೆಟ್ ನೀರಲ್ಲಿ ನೋಡಿ. ಕೆಳಗಿಳಿಯುವಾಗ ಕೂದಲು ಅರಳಬೇಕು, ಎಳೆದಾಗ ಮುಚ್ಚಿಕೊಂಡು ಸಣ್ಣ ಮೀನಿನ ಆಕಾರಕ್ಕೆ ಬರಬೇಕು. ಅರಳದಿದ್ದರೆ ಕೂದಲು ಹೆಚ್ಚಾಗಿದೆ. ಬಿಚ್ಚಿ, ಕಡಿಮೆ ಮಾಡಿ.

ನೀರಿಗೆ ಬಿಟ್ಟ ಮೇಲೆ

ಹಗುರ ಜಿಗ್ಗಿಗೆ ತೆಳು ದಾರ, ಬಳುಕುವ ರಾಡ್ (ಗಾಳದ ಕೋಲು) ಬೇಕು. ದಪ್ಪ ತಂಗೂಸಿಗೆ ಕಟ್ಟಿದರೆ ದೂರ ಹೋಗುವುದೇ ಇಲ್ಲ. ಬಾಳೆಮೀನಿನ ಬಾಯಿ ತುಂಬ ಸಣ್ಣ ಚೂಪು ಹಲ್ಲುಗಳಿರುತ್ತವೆ, ಆದ್ದರಿಂದ ಕೊನೆಯ ಎರಡು ಅಡಿಗೆ ಮಾತ್ರ ದಪ್ಪ ದಾರ ಸೇರಿಸಿ. ಆಪಿನ (ಜೊಂಡಿನ) ಪೊದೆಯೊಳಗೆ ಎಸೆಯಬೇಡಿ, ಬಯಲಾಗಿರುವ ಕೊಕ್ಕೆ ಸಿಕ್ಕಿಕೊಳ್ಳುತ್ತದೆ. ಆಪಿನ ಅಂಚು, ಕಲ್ಲು ಬದು, ಮೋರಿಯ ಬಾಯಿ ಒಳ್ಳೆಯ ಜಾಗ.

ಎಸೆದ ಮೇಲೆ ದಾರ ಪೂರ್ತಿ ಸಡಿಲ ಬಿಡದೆ ಜಿಗ್ ಇಳಿಯಲಿ. ಬಹಳ ಸಲ ಮೀನು ಹಿಡಿಯುವುದು ಇಳಿಯುವಾಗಲೇ. ಆಮೇಲೆ ರೀಲ್ ಸುಮ್ನೆ ನಿಧಾನ ಸುತ್ತುತ್ತಾ ಬನ್ನಿ. ಇಷ್ಟೇ. ರಬ್ಬರ್ ಕಪ್ಪೆಯನ್ನು ಕುಣಿಸಿ ರೂಢಿಯಾದವರಿಗೆ ಕೈ ತಡೆಯೋದು ಕಷ್ಟ, ಜಗ್ಗಿ ಜಗ್ಗಿ ಎಳೆಯುತ್ತಾರೆ. ಆಗ ಕೂದಲಿಗೆ ಅರಳಲು ಪುರಸೊತ್ತೇ ಸಿಗಲ್ಲ. ಮೀನು ಹಿಡಿದಾಗ ದೊಡ್ಡ ಹೊಡೆತ ಬರದೇ ಇರಬಹುದು. ದಾರ ಪಕ್ಕಕ್ಕೆ ಸರಿದರೆ, ತಟ್ಟನೆ ಸಡಿಲಾದರೆ ಅದೇ ಸುಳಿವು. ರೀಲ್ ಸುತ್ತುತ್ತಲೇ ರಾಡನ್ನು ಪಕ್ಕಕ್ಕೆ ಎಳೆಯಿರಿ, ಎತ್ತಿ ಒಗೆಯಬೇಡಿ.

ಮೊದಲೇ ವಿಚಾರಿಸಿಕೊಳ್ಳಬೇಕಾದದ್ದು ಅನುಮತಿ. ಊರ ಕೆರೆಗಳನ್ನು ಮೀನು ಸಾಕಲು ಗುತ್ತಿಗೆ ಕೊಟ್ಟಿರುತ್ತಾರೆ, ಜಲಾಶಯದ ಬಗ್ಗೆ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಸಿಕ್ಕಿಕೊಂಡ ಜಿಗ್ ಬಿಡಿಸಲು ನೀರಿಗಿಳಿಯಬೇಡಿ, ದಾರ ಕತ್ತರಿಸಿ. ನೀರ ಮೇಲೆ ಕೆಂಪು-ಕಿತ್ತಳೆ ಮರಿಗಳ ಗುಂಪು ಒಟ್ಟಿಗೆ ಮೇಲೆ ಬಂದು ಮುಳುಗುವುದು ಕಂಡರೆ ಕೆಳಗೆ ತಾಯಿ ತಂದೆ ಕೊರವ ಕಾವಲಿರುತ್ತವೆ. ಆಗ ಏನು ಎಸೆದರೂ ಅವು ಮೇಲೆ ಬೀಳುತ್ತವೆ, ಹಿಡಿಯೋದು ಸುಲಭ. ಆದರೆ ಕಾವಲು ಹೋದರೆ ಮರಿಗಳು ಬೇರೆ ಮೀನುಗಳ ಪಾಲು. ಅಲ್ಲಿಂದ ಎದ್ದು ಬೇರೆ ಜಾಗ ನೋಡಿ. ಬಾಳೆಮೀನು ಕೂಡ ಜಾಗತಿಕ ಮಟ್ಟದಲ್ಲಿ ಕಡಿಮೆಯಾಗುತ್ತಿರುವ ಜಾತಿ, ಸಿಕ್ಕರೆ ನೀರಿಗೇ ಬಿಡುವುದು ಮೇಲು.

ಮನೆಗೆ ಬಂದ ಮೇಲೆ ಒದ್ದೆ ಜಿಗ್ಗನ್ನು ಡಬ್ಬಿಯಲ್ಲಿ ಮುಚ್ಚಿಡಬೇಡಿ, ಕೊಕ್ಕೆಗೆ ತುಕ್ಕು ಹಿಡಿಯುತ್ತದೆ. ಕೂದಲು ಬಾಚಿ, ತೂಗುಹಾಕಿ ಒಣಗಿಸಿ, ನುಸಿ ಗುಳಿಗೆ ಹಾಕಿದ ಡಬ್ಬಿಯಲ್ಲಿ ಇಡಿ.