ಹೊಸ ಗಿಟಾರ್‌ಗೆ ಹಳೆಯ ಸವೆತ: ನಾನು ರೆಲಿಕ್ ಮಾಡುವ ಬಗೆ

ರೆಲಿಕ್ ಮಾಡಿದ, ಅಂದರೆ ಹಳೆಯದರಂತೆ ಕಾಣಲಿ ಎಂದು ಬೇಕೆಂದೇ ಸವೆಸಿದ, ಎಲೆಕ್ಟ್ರಿಕ್ ಗಿಟಾರ್ ಕೈಗೆ ಬಂದರೆ ನಾನು ಮೊದಲು ಮುಟ್ಟಿ ನೋಡುವುದು ಫ್ರೆಟ್‌ಬೋರ್ಡಿನ (ನೆಕ್ ಎಂಬ ಉದ್ದ ಹಿಡಿಯ ಮೇಲೆ ಬೆರಳು ಒತ್ತುವ ಹಲಗೆ) ಅಂಚನ್ನು. ಬಾಡಿಯ ಮೇಲೆ ಅಂಗೈಯಗಲ ಬಣ್ಣ ಹೋಗಿದ್ದು ನೆಕ್‌ನ ಅಂಚು ಮಾತ್ರ ಚೂಪಾಗಿಯೇ ಇದ್ದರೆ, ಮಾಡಿದವರು ನೋಡುವವರಿಗಾಗಿ ದುಡಿದಿದ್ದಾರೆ, ನುಡಿಸುವವರನ್ನು ಮರೆತಿದ್ದಾರೆ ಎಂದೇ ಅರ್ಥ. ಹಳೆಯ ಗಿಟಾರ್‌ನ ಸುಖ ಮುಕ್ಕಾಲು ಪಾಲು ಎಡಗೈಯಲ್ಲಿದೆ. ಬಾಡಿಯ ಸವೆತ ಕಣ್ಣಿಗೆ ಹಬ್ಬ, ಸರಿ. ಆದರೆ ಅದಕ್ಕೆ ಎರಡನೇ ಸ್ಥಾನ.

ಇದು ಇಂದು ನಿನ್ನೆಯ ಗೀಳಲ್ಲ. ಗಿಟಾರ್ ಕಂಪನಿ ಫೆಂಡರ್‌ನ ವಿಶೇಷ ಕಾರ್ಯಾಗಾರವಾದ ಕಸ್ಟಮ್ ಶಾಪ್ 1995ರಲ್ಲಿ ರೆಲಿಕ್ ಸರಣಿ ಶುರು ಮಾಡಿತು. ಮೊದಲ ವರ್ಷಗಳಲ್ಲಿ ಬಾಡಿ ಮತ್ತು ನೆಕ್‌ಗಳಿಗೆ ವಯಸ್ಸು ತುಂಬಿದವರು ವಿನ್ಸ್ ಕುನೆಟ್ಟೊ. ಇನ್ನೊಂದು ಗಿಟಾರ್ ಕಂಪನಿ ಗಿಬ್ಸನ್ 2021ರಲ್ಲಿ ಈ ಕೆಲಸದ ಪರಿಣತ ಟಾಮ್ ಮರ್ಫಿ ಹೆಸರಿನಲ್ಲಿ ಮರ್ಫಿ ಲ್ಯಾಬ್ ತೆರೆದು, ಅಲ್ಟ್ರಾ ಲೈಟ್‌ನಿಂದ ಅಲ್ಟ್ರಾ ಹೆವಿವರೆಗೆ ದರ್ಜೆಗಳನ್ನೇ ಮಾಡಿ ಮಾರುತ್ತಿದೆ. ಇದನ್ನು ಗೇಲಿ ಮಾಡುವವರು ಸಾಮಾನ್ಯವಾಗಿ ಹೇಳುವ ಮಾತು: ನುಡಿಸಿ ನುಡಿಸಿ ನೀವೇ ಸವೆಸಿ. ಕೇಳಲು ಚೆನ್ನಾಗಿದೆ. ಆದರೆ ಈಗಿನ ಹೆಚ್ಚಿನ ಗಿಟಾರ್‌ಗಳ ಮೇಲಿರುವುದು ಪಾಲಿಎಸ್ಟರ್ ಅಥವಾ ಪಾಲಿಯುರೆಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್ ಲೇಪ. ಅದರ ಮೇಲೆ ಇಪ್ಪತ್ತು ವರ್ಷ ನುಡಿಸಿದರೂ ಫ್ರೆಟ್ (ಫ್ರೆಟ್‌ಬೋರ್ಡಿನ ಮೇಲಿನ ಲೋಹದ ಪಟ್ಟಿ) ಸವೆಯುತ್ತದೆ, ನೆಕ್ ನುಣುಪಾಗುತ್ತದೆ, ಬಾಡಿ ಮಾತ್ರ ಅಂಗಡಿಯಲ್ಲಿದ್ದಂತೆಯೇ ಮಿರುಗುತ್ತಿರುತ್ತದೆ. ಪೆಟ್ಟು ಬಿದ್ದರೆ ಗಾಜಿನ ಚಕ್ಕೆಯಂತೆ ತುಂಡಾಗಿ ಹಾರುತ್ತದೆ, ಅಷ್ಟೇ. ಐರಿಷ್ ಗಿಟಾರ್ ವಾದಕ ರೋರಿ ಗ್ಯಾಲಗರ್‌ನ 1961ರ ಸ್ಟ್ರಾಟ್ (ಫೆಂಡರ್‌ನ ಸ್ಟ್ರಾಟೊಕಾಸ್ಟರ್ ಗಿಟಾರ್) ಬೆವರಿನಲ್ಲಿ ನೆನೆದು ಬಹುಪಾಲು ಬೋಳು ಮರವಾದದ್ದು ಅದರ ಮೇಲಿದ್ದ ಲ್ಯಾಕರ್ ತೆಳುವಾದದ್ದೂ ಮೆದುವಾದದ್ದೂ ಆಗಿದ್ದರಿಂದ. ಹಾಗಾಗಿ ಸಹಜ ಸವೆತ ಬೇಕೆನ್ನುವವರೂ ಮೊದಲು ನಿರ್ಧರಿಸಬೇಕಾದದ್ದು ಮೇಲ್ಲೇಪ ಯಾವುದು ಎಂಬುದನ್ನೇ.

ನಾನು ಮಾಡುವುದು ಹೆಚ್ಚಾಗಿ ಅರವತ್ತರ ದಶಕದ ಸ್ಟ್ರಾಟ್ ಮಾದರಿ: ಆಲ್ಡರ್ ಮರದ ಬಾಡಿ, ಮೇಪಲ್ ಮರದ ನೆಕ್, ನೈಟ್ರೋಸೆಲ್ಯುಲೋಸ್ ಲ್ಯಾಕರ್. ಪಾಲಿ ಲೇಪವಿರುವ ಗಿಟಾರ್ ಮೇಲೆ ನೇರವಾಗಿ ಸ್ಯಾಂಡ್‌ಪೇಪರ್ ಹಾಕುವುದು ವ್ಯರ್ಥ. ಅರ್ಧ ಮಿ.ಮೀ. ಸುತ್ತಮುತ್ತಲ ದಪ್ಪದ ಪ್ಲಾಸ್ಟಿಕ್ ಪದರ ಕತ್ತರಿಸಿದ ಮೆಟ್ಟಿಲಿನಂತೆ ಕಾಣುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಹೀಟ್ ಗನ್‌ನಿಂದ ಅದನ್ನು ಪೂರ್ತಿ ತೆಗೆದು ಹೊಸದಾಗಿ ಲ್ಯಾಕರ್ ಹೊಡೆಯಬೇಕು, ಇಲ್ಲವೇ ಬಣ್ಣ ಹಾಕದ ಬಾಡಿಯನ್ನೇ ಕೊಳ್ಳಬೇಕು. ಎರಡನೆಯದೇ ವಾಸಿ. ಪಾಲಿ ಸುಡುವ ಹೊಗೆ ಎದೆಗೆ ಒಳ್ಳೆಯದಲ್ಲ.

ಲ್ಯಾಕರ್‌ಗೆ ದೂರ ಹೋಗಬೇಕಿಲ್ಲ. ಪೀಠೋಪಕರಣದ ಕೆಲಸಕ್ಕೆ ಬಳಸುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್, ಎನ್‌ಸಿ ಸ್ಯಾಂಡಿಂಗ್ ಸೀಲರ್ ಮತ್ತು ಎನ್‌ಸಿ ಥಿನ್ನರ್ ಪೇಂಟ್ ಅಂಗಡಿಗಳಲ್ಲಿ ಸಿಗುತ್ತವೆ. ಪಕ್ಕದಲ್ಲೇ ಇರುವ ಮೆಲಮೈನ್ ಮತ್ತು ಪಿಯು (ಪಾಲಿಯುರೆಥೇನ್) ಡಬ್ಬಿಗಳನ್ನು ತರಬೇಡಿ, ಅವು ಬೇರೆ ಜಾತಿ. ಸೀಲರ್ ಎರಡು ಕೋಟ್, ಬಣ್ಣ ಎರಡು ಮೂರು ಕೋಟ್, ಮೇಲೆ ಪಾರದರ್ಶಕ ಲ್ಯಾಕರ್ ನಾಲ್ಕೈದು ಕೋಟ್. ಲ್ಯಾಕರ್ ಮತ್ತು ಥಿನ್ನರ್ ಸಮಪಾಲು. ಕೋಟ್‌ಗಳ ನಡುವೆ ಕನಿಷ್ಠ ಒಂದು ಗಂಟೆ, ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ಒಟ್ಟು ದಪ್ಪ 0.1 ಮಿ.ಮೀ. ಆಸುಪಾಸಿನಲ್ಲಿದ್ದರೆ ಮುಂದಿನ ಕೆಲಸ ಸುಲಭ. ಮಳೆಗಾಲದಲ್ಲಿ ಹೊಡೆದರೆ ಥಿನ್ನರ್ ಆರುವಾಗ ತಂಪಾದ ಮೇಲ್ಮೈಗೆ ಗಾಳಿಯ ತೇವ ಕುಳಿತು ಬಿಳಿ ಮಂಜಿನಂತಹ ಪೊರೆ ಬರುತ್ತದೆ. ಕರಾವಳಿಯವರಿಗೆ ಇದು ಮೇ ತಿಂಗಳಲ್ಲೇ ಬರುವುದುಂಟು. ಥಿನ್ನರ್‌ಗೆ ಸ್ವಲ್ಪ ರಿಟಾರ್ಡರ್ (ಆರುವುದನ್ನು ನಿಧಾನ ಮಾಡುವ ದ್ರವ) ಸೇರಿಸಿ ಮತ್ತೊಂದು ತೆಳು ಕೋಟ್ ಹೊಡೆದರೆ ಪೊರೆ ಬಿಡುತ್ತದೆ. ಆದರೆ ಒಣ ದಿನಕ್ಕಾಗಿ ಕಾಯುವುದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಹೊಡೆದಾದ ಮೇಲೆ ಮೂರು ನಾಲ್ಕು ವಾರ ಮುಟ್ಟಬೇಡಿ. ಒಳಗೆ ಮೆತ್ತಗಿರುವ ಲ್ಯಾಕರ್ ಸ್ಯಾಂಡ್‌ಪೇಪರ್‌ಗೆ ಸಿಕ್ಕಿ ಉಂಡೆಕಟ್ಟುತ್ತದೆ, ಸವೆಯುವುದಿಲ್ಲ.

ಇನ್ನು ಸವೆತ. ಪೇಪರ್ ಹಿಡಿಯುವ ಮೊದಲು ಗಿಟಾರ್ ಜೋಡಿಸಿ, ಪಟ್ಟಿ ಹಾಕಿ ನಿಂತು ನುಡಿಸಿ, ಕೈ ಮೈ ತಾಗುವ ಕಡೆಗಳನ್ನು ಮಾಸ್ಕಿಂಗ್ ಟೇಪ್‌ನಿಂದ ಗುರುತು ಮಾಡಿಕೊಳ್ಳಬೇಕು. ಬಲಗೈಯವರಿಗೆ ಮುಂದೋಳು ಒರಗುವ ಮೇಲಂಚಿನ ಇಳಿಜಾರು, ಪಿಕ್ (ತಂತಿ ಮೀಟುವ ಬಿಲ್ಲೆ) ಕೆಳಮುಖವಾಗಿ ಹೋಗುವ ಜಾಗ, ಹಿಂಬದಿಯಲ್ಲಿ ಬೆಲ್ಟ್ ಬಕಲ್ ತಾಗುವ ಅಂಗೈಯಗಲ ಜಾಗ, ಎಡ ಅಂಗೈ ಉಜ್ಜುವ ಕೆಳಕೊಂಬಿನ ಒಳಭಾಗ. ಇಷ್ಟೇ. ಕೆಟ್ಟ ರೆಲಿಕ್‌ನ ಮೊದಲ ಲಕ್ಷಣವೇ ಕೈ ಹೋಗದ ಜಾಗದಲ್ಲೂ ಮರ ಕಾಣುವುದು, ಸುತ್ತಲಿನ ಅಂಚಿಗೆಲ್ಲ ಅಳತೆ ಹಿಡಿದಂತೆ ಪೆಟ್ಟು ಬಿದ್ದಿರುವುದು.

ಮೊದಲು ಪೆಟ್ಟು, ಆಮೇಲೆ ಉಜ್ಜುವಿಕೆ. ಬೀಗದ ಕೈ ಗೊಂಚಲು, ದುಂಡು ತಲೆಯ ಬೋಲ್ಟ್, ಸ್ಕ್ರೂಡ್ರೈವರ್‌ನ ಕಂಬಿ ಸಾಕು. ಪೆಟ್ಟು ಲ್ಯಾಕರನ್ನು ಒತ್ತಬೇಕು, ಕೊಯ್ಯಬಾರದು. ಎಂಟು ಹತ್ತು ಪೆಟ್ಟಿಗೆ ನಿಲ್ಲಿಸಿ. ಬಕಲ್ ಗೀರಿಗೆ ನಿಜವಾದ ಬಕಲನ್ನೇ ಬಳಸುತ್ತೇನೆ. ಮುಂದೋಳಿನ ಜಾಗಕ್ಕೆ 400 ನಂಬರ್ ಪೇಪರನ್ನು ಬೆರಳಿಗೆ ಸುತ್ತಿ, ತೋಳು ಚಲಿಸುವ ದಿಕ್ಕಿನಲ್ಲೇ ನೀರಿಲ್ಲದೆ ಒಣದಾಗಿಯೇ ಉಜ್ಜಬೇಕು. ನೀರು ಹಾಕಿದರೆ ತೆರೆದ ಮರದ ನಾರು ಎದ್ದು ನಿಲ್ಲುತ್ತದೆ. ಸನ್‌ಬರ್ಸ್ಟ್ (ನಡುವೆ ಹಳದಿ, ಅಂಚಿಗೆ ಹೋದಂತೆ ಕಪ್ಪಾಗುವ ಬಣ್ಣ) ಆದರೆ ಪಾರದರ್ಶಕ ಪದರ, ಕಪ್ಪು, ಕೆಂಪು, ಹಳದಿ, ಸೀಲರ್, ಕೊನೆಗೆ ಮರ, ಹೀಗೆ ಒಂದರ ಒಳಗೊಂದು ವಲಯ ಕಾಣಬೇಕು. ಪ್ರತಿ ವಲಯವೂ ಮುಂದಿನದಕ್ಕೆ ಕರಗಿದಂತಿರಬೇಕು. 800, ಆಮೇಲೆ 1500ರಿಂದ ಅಂಚುಗಳನ್ನು ಮಸುಕಾಗಿಸಿ. ಚಕ್ಕೆ ಎದ್ದ ಜಾಗದಲ್ಲಿ ಮಾತ್ರ ಅಂಚು ಚೂಪಾಗಿರಲಿ. ತೋಳು ಸವೆಸಿದ್ದಕ್ಕೂ ಪೆಟ್ಟು ಕಿತ್ತಿದ್ದಕ್ಕೂ ಇರುವ ಈ ವ್ಯತ್ಯಾಸ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ.

ಹೊರಬಂದ ಆಲ್ಡರ್ ಹಸಿಯಾಗಿ, ನಸುಗೆಂಪಾಗಿ ಕಾಣುತ್ತದೆ. ಹಳೆಯ ಗಿಟಾರ್‌ನಲ್ಲಿ ಅದು ಜಿಡ್ಡು ಹೀರಿ ಬೂದುಗಂದು ಆಗಿರುತ್ತದೆ. 250 ಮಿ.ಲೀ. ಬಿಳಿ ವಿನೆಗರ್‌ಗೆ 0000 ಸ್ಟೀಲ್ ವುಲ್‌ನ ಒಂದು ಉಂಡೆ ಹಾಕಿ ಎರಡು ದಿನ ಬಿಡಿ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಹೈಡ್ರೋಜನ್ ಹುಟ್ಟುತ್ತದೆ. ಬಟ್ಟೆಯಲ್ಲಿ ಸೋಸಿ, ಒಂದಕ್ಕೆ ನಾಲ್ಕು ಪಾಲು ನೀರು ಬೆರೆಸಿ. ಆಲ್ಡರ್‌ನಲ್ಲಿ ಟ್ಯಾನಿನ್ ಕಡಿಮೆ, ಹಾಗಾಗಿ ಮೊದಲು ಗಟ್ಟಿ ಚಹಾ ಡಿಕಾಕ್ಷನ್ (ಹಾಲು, ಸಕ್ಕರೆ ಇಲ್ಲದ್ದು!) ಹಚ್ಚಿ ಒಣಗಿಸಿ, ಆಮೇಲೆ ಈ ದ್ರಾವಣ ತಟ್ಟಿದರೆ ಕೆಲವು ನಿಮಿಷಗಳಲ್ಲಿ ಬಣ್ಣ ತಿರುಗುತ್ತದೆ. ಅದೇ ಮರದ ತುಂಡಿನ ಮೇಲೆ ನೋಡದೆ ಬಾಡಿಗೆ ಹಚ್ಚಬೇಡಿ. ಕೊನೆಗೆ ಕಂದು ಮೇಣ ತಿಕ್ಕಿ ಒರೆಸಿದರೆ ಮರ ಮುಚ್ಚಿಕೊಳ್ಳುತ್ತದೆ.

ಲ್ಯಾಕರ್‌ನ ಬಿರುಕುಗಳ ವಿಷಯದಲ್ಲಿ ಒಂದು ಇಕ್ಕಟ್ಟು ಇದೆ. ಹಳೆಯ ಲ್ಯಾಕರ್‌ನಿಂದ ಪ್ಲಾಸ್ಟಿಸೈಜರ್ (ಮೆದುವಾಗಿಡುವ ಅಂಶ) ಹಾರಿಹೋಗಿ ಪೊರೆ ಪೆಡಸಾಗುತ್ತದೆ, ಕುಗ್ಗುತ್ತದೆ. ಚಳಿಯಿಂದ ಸೆಕೆಗೆ, ಸೆಕೆಯಿಂದ ಚಳಿಗೆ ಬದಲಾದಾಗ ಸೀಳುತ್ತದೆ. ಪೀಠೋಪಕರಣದ ಎನ್‌ಸಿಯಲ್ಲಿ ಮೆದು ರಾಳ ಹೆಚ್ಚು, ಸುಲಭಕ್ಕೆ ಸೀಳುವುದಿಲ್ಲ. ಜೊತೆಗೆ ತೆಳು ಪೊರೆ ಚೆನ್ನಾಗಿ ಸವೆಯುತ್ತದೆ, ದಪ್ಪ ಪೊರೆ ಚೆನ್ನಾಗಿ ಸೀಳುತ್ತದೆ. ಎರಡೂ ಒಂದೇ ಗಿಟಾರ್‌ನಲ್ಲಿ ಬೇಕೆಂದರೆ ಎಲ್ಲೋ ರಾಜಿಯಾಗಬೇಕು. ನಾನು ಸವೆತದ ಕಡೆಗೇ ವಾಲುತ್ತೇನೆ. ಬಿರುಕು ಬೇಕೇ ಬೇಕೆನ್ನುವವರಿಗೆ ದಾರಿ ಇದು: ಬಿಡಿಭಾಗಗಳನ್ನೆಲ್ಲ ಬಿಚ್ಚಿದ ಬಾಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಐಸ್‌ಕ್ರೀಮ್ ಇಡುವ ದೊಡ್ಡ ಫ್ರೀಜರ್‌ನಲ್ಲಿ ಮುಕ್ಕಾಲು ಗಂಟೆ ಇಟ್ಟು, ಹೊರತೆಗೆದು ಹೇರ್ ಡ್ರೈಯರ್‌ನಿಂದ ನಿಧಾನವಾಗಿ ಬಿಸಿ ಮಾಡುವುದು. ಕಿವಿಗೊಟ್ಟರೆ ಟಿಕ್ ಟಿಕ್ ಎನ್ನುವ ಸದ್ದು ಕೇಳಿಸುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಉದ್ದುದ್ದ ಗೆರೆಗಳು ಕಾಣುತ್ತವೆ. ತಲೆಕೆಳಗಾಗಿ ಹಿಡಿದ ಏರ್ ಡಸ್ಟರ್ ಸ್ಪ್ರೇ ಇದಕ್ಕಿಂತ ಬೇಗ ಕೆಲಸ ಮಾಡುತ್ತದೆ, ಆದರೆ ಜೇಡರ ಬಲೆಯಂತಹ ಗಿಡ್ಡ ಬಿರುಕು ಕೊಡುತ್ತದೆ, ತಿಳಿದವರಿಗೆ ತಕ್ಷಣ ಸಿಕ್ಕಿಬೀಳುತ್ತದೆ. ಕೆಲವು ಸ್ಪ್ರೇಗಳ ಅನಿಲ ಬೆಂಕಿ ಹಿಡಿಯುವಂಥದ್ದು, ಹೀಟ್ ಗನ್ ಪಕ್ಕದಲ್ಲಿ ಬೇಡವೇ ಬೇಡ. ಗೆರೆಗಳಿಗೆ ಕಂದು ಶೂ ಪಾಲಿಶ್ ತಿಕ್ಕಿ ಮೇಲಿನದನ್ನು ಒರೆಸಿಬಿಡಿ.

ಲೋಹದ ಭಾಗಗಳಿಗೆ ನಿಕಲ್ ಲೇಪದವನ್ನೇ ಕೊಳ್ಳಿ. ಕ್ರೋಮ್ ಮಂಕಾಗುವುದಿಲ್ಲ, ಸಿಪ್ಪೆ ಏಳುತ್ತದೆ. ಮೊದಲು ಬೂದು ಬಣ್ಣದ ಸ್ಕಾಚ್‌ಬ್ರೈಟ್‌ನಿಂದ ಹೊಳಪು ತೆಗೆದು, ಸೋಪಿನಲ್ಲಿ ತೊಳೆದು ಒಣಗಿಸಬೇಕು, ಇಲ್ಲವಾದರೆ ಕಲೆ ಕಲೆಯಾಗುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ 20-30 ಮಿ.ಲೀ. ಹೈಡ್ರೋಕ್ಲೋರಿಕ್ ಆ್ಯಸಿಡ್ ಇರುವ ಬಟ್ಟಲು, ಅದರ ಮೇಲೆ ಪ್ಲಾಸ್ಟಿಕ್ ಜಾಲರಿ, ಜಾಲರಿಯ ಮೇಲೆ ಭಾಗಗಳು. ಕೆಲಸ ಮಾಡುವುದು ಆವಿ. ಸ್ಕ್ರೂಗಳಿಗೆ 15 ನಿಮಿಷ ಸಾಕಾಗಬಹುದು, ಬ್ರಿಜ್ ಪ್ಲೇಟ್‌ಗೆ ಅರ್ಧ ಗಂಟೆ, ಆಗಾಗ ನೋಡುತ್ತಿರಬೇಕು. ಕೈಗವಸು, ಕನ್ನಡಕ ಹಾಕಿ ತಾರಸಿಯ ಮೇಲೆ ಮಾಡಿ. ಕೋಣೆಯಲ್ಲಿ ಮಾಡಿದರೆ ಬೆಳಗಾಗುವಷ್ಟರಲ್ಲಿ ಅಲ್ಲಿರುವ ಉಳಿ, ಕತ್ತರಿಗಳೆಲ್ಲ ತುಕ್ಕು ಹಿಡಿದಿರುತ್ತವೆ. ಬ್ಲೀಚ್ ಹತ್ತಿರವೂ ಸುಳಿಯಬಾರದು. ಆ್ಯಸಿಡ್ ಬೇಡವೆನ್ನುವವರಿಗೆ ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್) ಕೊರೆಯಲು ಬಳಸುವ ಫೆರಿಕ್ ಕ್ಲೋರೈಡ್ ಇದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿ. ನೀರಿನಲ್ಲಿ ತೆಳುವಾಗಿಸಿ ಹತ್ತಿಯಿಂದ ತಟ್ಟಬೇಕು. ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ಯಾವುದೇ ವಿಧಾನವಿರಲಿ, ಒಂದು ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಐದು ನಿಮಿಷ ಮುಳುಗಿಸಿ, ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಹಚ್ಚಬೇಕು. ಇದನ್ನು ಬಿಟ್ಟರೆ ತುಕ್ಕು ಒಳಗೊಳಗೇ ಮುಂದುವರಿದು ಸ್ಯಾಡಲ್‌ನ (ಬ್ರಿಜ್ ಮೇಲೆ ತಂತಿ ಹೊರುವ ತುಂಡು) ಪುಟ್ಟ ಸ್ಕ್ರೂಗಳು ತಿರುಗದಂತಾಗುತ್ತವೆ. ಆ ಸ್ಕ್ರೂಗಳ ಮರೆಯನ್ನು (ಥ್ರೆಡ್), ತಂತಿ ಬಿಗಿಸುವ ಟ್ಯೂನರ್‌ನ ಗೇರನ್ನು, ಪಿಕಪ್ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಸುರುಳಿ) ಮತ್ತು ಪಾಟ್‌ಗಳನ್ನು (ವಾಲ್ಯೂಮ್, ಟೋನ್ ತಿರುಗಿಸುವ ಭಾಗ) ಆವಿಗೆ ಒಡ್ಡಲೇಬಾರದು. ಸ್ಯಾಡಲ್‌ನಲ್ಲಿ ತಂತಿ ಕೂರುವ ಜಾಗವನ್ನು ಬ್ರಾಸೋ ಎಂಬ ಲೋಹದ ಪಾಲಿಶ್ ಹಾಕಿ ನುಣುಪು ಮಾಡಿ, ಒರಟಾಗಿದ್ದರೆ ಮೊದಲ ತಂತಿ ಪದೇ ಪದೇ ಅಲ್ಲೇ ತುಂಡಾಗುತ್ತದೆ.

ಪ್ಲಾಸ್ಟಿಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಹಾದಲ್ಲಿ ಅದ್ದಿದರೆ ಹಳದಿಯಾಗುತ್ತದೆ ಎನ್ನುತ್ತಾರೆ. ಈಗಿನ ಪಿಕಪ್ ಕವರ್‌ಗಳು ಅಷ್ಟು ಸುಲಭಕ್ಕೆ ಬಣ್ಣ ಹಿಡಿಯುವುದಿಲ್ಲ, ಕುದಿಯುವ ನೀರಿಗೆ ಹಾಕಿದರೆ ಸೊಟ್ಟಗಾಗುತ್ತವೆ. ನಸುಹಳದಿ ಬಣ್ಣದವನ್ನೇ ಕೊಂಡು ಸ್ಕಾಚ್‌ಬ್ರೈಟ್‌ನಿಂದ ಮಂಕು ಮಾಡುವುದು ಲೇಸು. ಪಿಕಪ್ ಇರುವ ಗಿಟಾರ್ ಹತ್ತಿರ ಸ್ಟೀಲ್ ವುಲ್ ತರಬೇಡಿ, ಅದರ ಪುಡಿಯನ್ನು ಅಯಸ್ಕಾಂತ ಎಳೆದುಕೊಳ್ಳುತ್ತದೆ.

ಈಗ ನೆಕ್. ಸಮಯದ ಅರ್ಧ ಪಾಲನ್ನು ಇಲ್ಲಿಗೇ ಇಡಿ. ನುಣುಪಾದ ಸ್ಕ್ರೂಡ್ರೈವರ್ ಕಂಬಿಯನ್ನು ಫ್ರೆಟ್‌ಬೋರ್ಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು, ಎರಡು ಫ್ರೆಟ್‌ಗಳ ನಡುವೆ ಗಟ್ಟಿಯಾಗಿ ಒತ್ತಿ ಎಳೆಯಬೇಕು. ಮರ ಒತ್ತಿಹೋಗಿ ಅಂಚು ಉರುಟಾಗುತ್ತದೆ. ಆಮೇಲೆ 400, 600, 1000. ಮೊದಲ ಐದು ಫ್ರೆಟ್‌ಗಳ ಬಳಿ ಹೆಚ್ಚು, ಮೇಲಕ್ಕೆ ಹೋದಂತೆ ಕಡಿಮೆ. ಮೊದಲ ತಂತಿಯ ಬದಿಯಲ್ಲಿ ಅತಿಯಾದರೆ ತಂತಿ ಅಂಚಿನಿಂದ ಜಾರುತ್ತದೆ, ಎಚ್ಚರ. ಹಿಂಬದಿಯಲ್ಲಿ ಮೊದಲನೆಯದರಿಂದ ಹನ್ನೆರಡನೆಯ ಫ್ರೆಟ್‌ವರೆಗೆ ಲ್ಯಾಕರ್ ತೆಳುವಾಗಿಸಿ, ಹೆಬ್ಬೆರಳು ಓಡಾಡುವ ನಡುಭಾಗದಲ್ಲಿ ಮರದವರೆಗೆ ಹೋಗಬಹುದು. ಹೀಲ್ (ನೆಕ್ ಬಾಡಿಗೆ ಸೇರುವ ಬುಡ) ಮತ್ತು ಹೆಡ್‌ಸ್ಟಾಕ್ (ಟ್ಯೂನರ್‌ಗಳಿರುವ ತುದಿ) ಹೊಳೆಯುತ್ತಲೇ ಇರಲಿ. ಬೋಳು ಮೇಪಲ್ ಮಳೆಗಾಲದಲ್ಲಿ ತೇವ ಹೀರಿ ಟ್ರಸ್ ರಾಡ್ (ನೆಕ್‌ನ ಬಾಗು ಸರಿಪಡಿಸುವ ಒಳಗಿನ ಸರಳು) ಮುಟ್ಟುವ ಕೆಲಸ ತರುತ್ತದೆ, ಆದ್ದರಿಂದ ಅಗಸೆ ಎಣ್ಣೆ ತೆಳುವಾಗಿ ತಿಕ್ಕಿ ಪೂರ್ತಿ ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ತಾನೇ ಬೆಂಕಿ ಹಿಡಿಯಬಹುದು. ನೀರಿನಲ್ಲಿ ಅದ್ದಿ, ಹೊರಗೆ ಬಿಡಿಸಿ ಒಣಹಾಕಿ.

ಇಷ್ಟೆಲ್ಲ ಮಾಡಿದರೂ ನಿಜವಾದ ಹಳೆಯ ಗಿಟಾರ್ ಪಕ್ಕದಲ್ಲಿಟ್ಟರೆ ಬೇರೆಯೇ. ಹಳೆಯದರಲ್ಲಿ ಪಿಕ್‌ಗಾರ್ಡ್ (ಬಾಡಿಯ ಮುಂಬದಿಯ ಪ್ಲಾಸ್ಟಿಕ್ ಫಲಕ) ಬಿಚ್ಚಿದರೆ ಅದರಡಿ ಬಣ್ಣ ಮಾಸದೆ ಗಾಢವಾಗಿರುತ್ತದೆ. ಯುವಿ ದೀಪದಡಿ ಹಳೆಯ ನೈಟ್ರೋ ಹಸಿರು ಹಳದಿಯಾಗಿ ಹೊಳೆಯುತ್ತದೆ, ಹೊಸದು ಹಾಗೆ ಹೊಳೆಯುವುದಿಲ್ಲ. ನೆಕ್ ಸವೆದಲ್ಲೇ ಫ್ರೆಟ್ ಕೂಡ ಸವೆದಿರುತ್ತದೆ. ಆ ಪರೀಕ್ಷೆಗಳನ್ನು ಗೆಲ್ಲುವ ಉಮೇದು ನನಗಿಲ್ಲ. ಹಳೆಯ ಲೋಗೋ, ಹಳೆಯ ತಾರೀಖಿನ ಮುದ್ರೆ ಅಂಟಿಸುವುದಿಲ್ಲ. ನೆಕ್ ಪಾಕೆಟ್‌ನ (ಬಾಡಿಯಲ್ಲಿ ನೆಕ್ ಕೂರುವ ಗುಳಿ) ಒಳಗೆ ಬಾಡಿ ಎಲ್ಲಿಯದು, ಲ್ಯಾಕರ್ ಯಾವುದು, ರೆಲಿಕ್ ಮಾಡಿದ ತಿಂಗಳು ಯಾವುದು ಎಂದು ಪೆನ್ಸಿಲ್‌ನಲ್ಲಿ ಬರೆದೇ ನೆಕ್ ಕೂರಿಸುತ್ತೇನೆ. ಮಾರುವವರೂ ಕೊಳ್ಳುವವರೂ ನಾಲ್ಕು ಸ್ಕ್ರೂ ಬಿಚ್ಚಿದರೆ ಓದಿಕೊಳ್ಳಬಹುದು.